ತಲೆಯಿಡಬಾರದ ದಿಂಬು

“ಯಾವ ಬೋಳಿಮಗನ ತಲೆ ಇದು?”

ಸಾಹುಕಾರ ದಿಂಬಿನಿಂದ ಮೂಗೆತ್ತಿ ಕೇಳಿದ. ಮನೆಯಲ್ಲಿ ಇದ್ದದ್ದು ಇಬ್ಬರು ಹೆಂಗಸರು, ಒಬ್ಬ ಗಂಡಸು, ಒಂದು ಹೆಣ್ಣುಮಗು. ಬೋಳಿಮಗ ಅನ್ನಿಸಿಕೊಳ್ಳುವ ಅರ್ಹತೆ ಗಂಡಸೊಬ್ಬನಿಗೇ ಇದ್ದದ್ದರಿಂದ ಅವನು ತಲೆ ತಗ್ಗಿಸಿದ.

“ಯಾರೂ ಇಟ್ಟಿಲ್ಲ ಧಣಿ.”

“ಹಾಗಾದ್ರೆ ಈ ಎಣ್ಣೆ ವಾಸನೆ ನಮ್ಮಪ್ಪನದೇನೋ? ದೊಡ್ಡ ಹೋಟೆಲಿನ ಸರಕು ಕಣೋ ಇದು. ನಿಮ್ಮ ಹೇನು ಅಲ್ಲಿಗೆ ಹೋದ್ರೆ ನನ್ನ ಮರ್ಯಾದೆ ಏನಾಗ್ಬೇಕು?”

ಇದು ಅವನ ಪದ್ಧತಿ. ವಾರಕ್ಕೊಮ್ಮೆ ಡ್ರೈವರನ ಜೊತೆ ವ್ಯಾನು ತಂದು ಬಾಗಿಲಲ್ಲಿ ನಿಲ್ಲಿಸಿ, ಒಳಗೆ ಬಂದು ಒಂದೊಂದು ದಿಂಬನ್ನೂ ಮೂಸಿ ನೋಡುತ್ತಿದ್ದ. ತಲೆಯ ವಾಸನೆ ಬಂದದ್ದನ್ನು ಎಸೆದುಬಿಡುತ್ತಿದ್ದ. ಅದನ್ನು ಬಿಚ್ಚಿ, ಬಟ್ಟೆ ಒಗೆದು, ಮತ್ತೆ ತುಂಬಿ ಹೊಲಿಯಬೇಕು, ಬಿಟ್ಟಿಯಾಗಿ. ಬೀದಿಯವರೆಲ್ಲ ಅವನ ಬೆನ್ನ ಹಿಂದೆ ಮೂಗಿನ ಸಾಹುಕಾರ ಅನ್ನುತ್ತಿದ್ದರು. ಉಳಿದವರು ಬರೀ ಉಸಿರಾಡಿ ಸುಮ್ಮನಾಗುವ ಮೂಗನ್ನು ಅವನು ದುಡಿಮೆಗೆ ಹಚ್ಚಿದ್ದ.

ಇರುವುದು ಒಂದೇ ಕೋಣೆ. ಗಂಡ ಹತ್ತಿ ಹಿಂಜಿ ತುಂಬುತ್ತಾನೆ, ಹೆಂಡತಿ ಯಂತ್ರದಲ್ಲಿ ಹೊಲಿಯುತ್ತಾಳೆ, ಅತ್ತೆ ದಾರ ಕತ್ತರಿಸುತ್ತಾಳೆ. ಮೂರು ಗೋಡೆಗೂ ಸೂರಿನ ತನಕ ದಿಂಬು. ನಡುವೆ ಉಳಿದ ಸಿಮೆಂಟು ನೆಲದ ಮೇಲೆ ಮನೆಮಂದಿ ಮೊಣಕೈಯನ್ನೇ ಮಡಚಿ ತಲೆಗಿಟ್ಟುಕೊಂಡು ಮಲಗುತ್ತಾರೆ. ಬಾಯಿ ಬಿಟ್ಟರೆ ನಿಲ್ಲಿಸದ ಮಗಳನ್ನು ಗಿಣಿ ಅಂತ ಕರೆಯುತ್ತಿದ್ದರು. ಅವಳಿಗೆ ಹೆತ್ತವರು ಕಲಿಸಿದ ಮೊದಲ ಬುದ್ಧಿ, ದಿಂಬು ಮುಟ್ಟಬಾರದು ಎಂಬುದು.

ಹೋದ ವಾರ ಮಟಮಟ ಮಧ್ಯಾಹ್ನ ಗಿಣಿಯ ಮಾತು ಇದ್ದಕ್ಕಿದ್ದಂತೆ ನಿಂತಿತು. ಕಣ್ಣು ಮೇಲಕ್ಕೆ ಸಿಕ್ಕಿಕೊಂಡವು. ಕೈಕಾಲು ಸೆಟೆದು ಅದುರುತ್ತಾ ಮಗು ದಿಂಬಿನ ರಾಶಿಯ ಮೇಲೆ ಬಿತ್ತು, ಬಾಯಲ್ಲಿ ನೊರೆ. ಆಗ ತಾಯಿಯ ಬಾಯಿಂದ ಬಂದ ಮೊದಲ ಮಾತು: “ಅಯ್ಯೋ, ದಿಂಬು! ದಿಂಬು ತೆಗೀರಿ!”

ಮೂವರೂ ಮುಗಿಬಿದ್ದು ಮಗುವಿನ ಅಡಿಯಿಂದ ದಿಂಬುಗಳನ್ನು ಎಳೆದೆಳೆದು ಕಾಪಾಡಿದರು. ಒಂದಕ್ಕೂ ಜೊಲ್ಲು ತಗಲಲಿಲ್ಲ. ಗಿಣಿಯ ತಲೆ ಮಾತ್ರ ನೆಲಕ್ಕೂ ಯಂತ್ರದ ಕಬ್ಬಿಣದ ಕಾಲಿಗೂ ಬಡಿಯುತ್ತಲೇ ಇತ್ತು. ಕಚ್ಚಿದ ಹಲ್ಲು ಬಿಡಿಸಲು ಅತ್ತೆ ಚಮಚ ತುರುಕಿ ಮೊಮ್ಮಗಳ ವಸಡು ಹರಿದಳು. ಅದುರುವ ಕಾಲು ನಿಲ್ಲಿಸಲು ಗಂಡ ಕಾಲ ಮೇಲೆಯೇ ಕೂತ. ಪ್ರೀತಿಗೇನೂ ಕೊರತೆ ಇರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಮಗುವಿನ ಹಣೆಯ ಬುಗುಟು ನೋಡಿ ನಕ್ಕರು. “ಏನಮ್ಮಾ, ತಲೆ ಕೆಳಗೆ ಇಡೋಕೆ ನಿಮ್ಮನೇಲಿ ಒಂದು ದಿಂಬಿಗೂ ಗತಿ ಇಲ್ವಾ?”

“ಇಲ್ಲ ಸಾರ್,” ಅಂದಳು ತಾಯಿ.

ಮಾತ್ರೆ ಕೊಡುವಾಗ ನರ್ಸು ಗದರಿಕೊಂಡೇ ಹೇಳಿದಳು: “ಮತ್ತೆ ಬಂದರೂ ಬರಬಹುದು. ಬಂದ್ರೆ ಅದುಮಿ ಹಿಡೀಬೇಡ. ಬಾಯಿಗೆ ಚಮಚ, ನೀರು ಏನೂ ಹಾಕ್ಬೇಡ. ಗಟ್ಟಿ ಸಾಮಾನು ಆಚೆ ಸರಿಸು, ತಲೆ ಕೆಳಗೆ ಮೆತ್ತಗಿರೋದು ಏನಾದ್ರೂ ಇಡು, ಒಂದು ಪಕ್ಕಕ್ಕೆ ಹೊರಳಿಸು. ಐದು ನಿಮಿಷ ದಾಟಿದ್ರೆ ಎತ್ಕೊಂಡು ಬಾ.”

ಅಂದಿನಿಂದ ತಾಯಿ ಮಲಗಿದ ಗಿಣಿಯ ತಲೆಯಡಿಗೆ ಒಂದು ದಿಂಬು ಸರಿಸುತ್ತಿದ್ದಳು. ಈಗ ಸಾಹುಕಾರನ ಮೂಗಿಗೆ ಸಿಕ್ಕಿದ್ದು ಅದೇ.

“ಇದೊಂದಕ್ಕೆ ಬಂದಿದ್ಯೋ ಇಡೀ ಲೋಡಿಗೇ ಬಂದಿದ್ಯೋ ಈ ದರಿದ್ರ…” ಎಂದು ಅವನು ಇನ್ನೊಂದನ್ನು ಎತ್ತಿಕೊಳ್ಳುವಾಗ, ಅವನಿಗೇ ಏನೋ ಕತೆ ಹೇಳುತ್ತಿದ್ದ ಗಿಣಿ ನಡುವೆ ನಿಲ್ಲಿಸಿ ನೆಲಕ್ಕೆ ಬಿದ್ದಳು. ಮತ್ತೆ ಅದೇ ಸೆಳೆತ.

“ಏಯ್, ಸರಕು! ಸರಕು ಎತ್ರೋ!” ಸಾಹುಕಾರ ಕಿರುಚಿದ. ಅಭ್ಯಾಸಬಲ, ಗಂಡನ ಎರಡೂ ಕೈ ದಿಂಬಿನ ಕಡೆಗೇ ಹೋದವು.

“ಬಿಡು ಅದನ್ನ!” ಅಂದಳು ಹೆಂಡತಿ. “ಆ ಕತ್ತರಿ ಎತ್ತು. ಯಂತ್ರ ಆಚೆ ಎಳಿ.”

ಸಾಹುಕಾರನ ಕಂಕುಳಲ್ಲಿದ್ದ ದಿಂಬನ್ನು ಕಿತ್ತು ಮಗಳ ತಲೆಯಡಿಗೆ ಇಟ್ಟಳು. ಕತ್ತಿನ ಗುಂಡಿ ಬಿಚ್ಚಿ, ಮೆಲ್ಲಗೆ ಪಕ್ಕಕ್ಕೆ ಹೊರಳಿಸಿದಳು. ಬಿಳಿ ಬಟ್ಟೆಯ ಮೇಲೆ ಜೊಲ್ಲು ಹರಿಯಿತು.

“ಹೋಯ್ತಲ್ಲೇ, ಮೊದಲನೇ ದರ್ಜೆ ಬಟ್ಟೆ! ಚಮಚ ತನ್ನಿ, ಹಲ್ಲು ಬಿಡಿಸಿ ಮೊದಲು,” ಸಾಹುಕಾರ ವೈದ್ಯನೂ ಆದ.

“ನಾನೂ ಅದೇ ಘನಕಾರ್ಯ ಮಾಡಿ ಮಗೂನ ರಕ್ತ ಕಂಡಿದ್ದೀನಿ,” ಅತ್ತೆ ಅಂದಳು. “ತುರುಕೋ ಹಾಗಿದ್ರೆ ನಿನ್ನ ಬಾಯಿಗೇ ತುರುಕೋದು.”

“ಧಣಿ, ನಿಮ್ಮ ಕೈಯಲ್ಲಿ ಗಡಿಯಾರ ಇದೆಯಲ್ಲ,” ಗಿಣಿಯ ತಾಯಿ ತಲೆಯೆತ್ತದೆ ಅಂದಳು. “ನೋಡ್ತಾ ಇರಿ. ಐದು ನಿಮಿಷ ದಾಟಿದ್ರೆ ನಿಮ್ಮ ವ್ಯಾನಲ್ಲೇ ಆಸ್ಪತ್ರೆಗೆ.”

“ನನ್ನ ವ್ಯಾನಲ್ಲಾ?”

“ಗಡಿಯಾರ ನೋಡ್ರೀ!”

ಇಂಥ ಜನ ತನಗೆ ಕೆಲಸ ಹೇಳಿದ್ದು ಅವನ ಜನ್ಮದಲ್ಲೇ ಇದು ಮೊದಲು. ತಬ್ಬಿಬ್ಬಾಗಿ ನೋಡಿಯೇಬಿಟ್ಟ. “ಎರಡಾಯ್ತು,” ಅಂದ, ಮಗ್ಗಿ ಒಪ್ಪಿಸುವ ಹುಡುಗನ ಹಾಗೆ. “ಮೂರು.” ನಾಲ್ಕು ಅನ್ನುವ ಹೊತ್ತಿಗೆ ಅದುರಾಟ ಕಡಿಮೆಯಾಗಿ, ನಿಂತು, ಗಿಣಿ ಗೊರಗೊರ ಉಸಿರು ಬಿಟ್ಟು ನಿದ್ದೆಗಿಳಿದಳು. ತಾಯಿಗೆ ಆಗ ಅಳು ಬಂತು. ಅಳುತ್ತಲೇ ಮಗಳ ಎದೆಯ ಏರಿಳಿತ ನೋಡುತ್ತಾ ಕೂತಳು.

ಸಾಹುಕಾರನಿಗೆ ತನ್ನ ದರ್ಜೆ ನೆನಪಾಯಿತು. “ಆ ದಿಂಬು ಇನ್ನು ಕೆಲಸಕ್ಕೆ ಬರಲ್ಲ.”

“ಈಗ ತಾನೇ ಬಂತಲ್ಲ,” ಅಂದಳು ಗಿಣಿಯ ತಾಯಿ.

“ಬಾಯಿ ಜಾಸ್ತಿ ಆಯ್ತು. ನಾಳೆಯಿಂದ ನಿಮಗೆ ಕೆಲಸ ಇಲ್ಲ. ಇರೋ ಸರಕೆಲ್ಲ ಈಗಲೇ ವ್ಯಾನಿಗೆ ಹೇರು, ನಡಿಯೋ.”

ಗಂಡ ಎದ್ದ. ಕೂತ. ಹೆಂಡತಿಯ ಮುಖ ನೋಡಿದ. “ಮಗಳು ಎಚ್ಚರ ಆಗೋ ತನಕ ಯಾರೂ ಏಳೋ ಹಾಗಿಲ್ಲ,” ಅಂದಳು ಅವಳು.

“ಹಾಗಾದ್ರೆ ಇವತ್ತಿನ ಕೆಲಸ ಮುಗೀತು,” ಎಂದು ಅತ್ತೆ ಸೊಂಟ ಹಿಡಿದುಕೊಂಡು ಎದ್ದಳು. ರಾಶಿಯಿಂದ ಒಂದಲ್ಲ, ಎರಡು ದಿಂಬು ಇಳಿಸಿಕೊಂಡಳು. ಇರುವ ಒಂದೇ ಬಾಗಿಲಿಗೆ ಹೋಗಿ, ಹೊಸ್ತಿಲಿಗೆ ಅಡ್ಡಲಾಗಿ ಹಾಕಿ, ತಲೆಯೂರಿ ಉದ್ದಕ್ಕೆ ಮಲಗಿದಳು.

ಹೊರಗೆ ವ್ಯಾನು ಹಾರ್ನು ಹೊಡೆಯಿತು. ಸಾಹುಕಾರ ಒಳಗಿದ್ದ.

“ಮೆತ್ತಗಿದೆ ಕಣೇ,” ಅತ್ತೆ ಸೊಸೆಗೆ ಹೇಳಿ ಕಣ್ಣು ಮುಚ್ಚಿದಳು.