‘ಕೇಳಿದೆ’ ಎಂಬ ಖಾನೆ

ನಮ್ಮ ಎಣಿಕೆಯ ಹಾಳೆಯಲ್ಲಿ ಎರಡೇ ಖಾನೆ. ‘ಕಂಡಿದೆ’, ‘ಕೇಳಿದೆ’. ಎರಡನೆಯದು ‘ಕೇಳಿಸಿದೆ’ ಎಂದಿರಬೇಕಿತ್ತು, ಅಚ್ಚು ಹಾಕಿದ ಪುಣ್ಯಾತ್ಮ ಒಂದಕ್ಷರ ನುಂಗಿ ನೀರು ಕುಡಿದಿದ್ದಾನೆ. ಅಣ್ಣ ಅದನ್ನು ನೋಡಿ, “ರಜೆ ಕೇಳಿದೆ, ಕೊಡಲಿಲ್ಲ ಅಂತ ಬರೀಲಾ?” ಎನ್ನುತ್ತಿದ್ದ. ಪ್ರತಿ ವರ್ಷ ಅದೇ ಜೋಕು. ನಗು ಬರುತ್ತಿರಲಿಲ್ಲ, ಆದರೂ ನಗುತ್ತಿದ್ದೆ.

ಅಣ್ಣನೂ ನಾನೂ ಈ ದ್ವೀಪದ ಮೀಸಲು ಕಾಡಿನ ಕಾವಲುಗಾರರು. ಎಣಿಸಬೇಕಾದ್ದು ಒಂದು ನೆಲಪಾರಿವಾಳವನ್ನು. ಈ ಕಣಿವೆ ಬಿಟ್ಟರೆ ಅದು ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ. ಕಣ್ಣಾರೆ ಕಂಡವರು ಅಪ್ಪನ ಕಾಲಕ್ಕೇ ಮುಗಿದರು. ಕೂಗಾದರೂ ಕೇಳಿದರೆ ಕಣಿವೆಯ ಬೇಲಿ ಇನ್ನೊಂದು ವರ್ಷ ಉಳಿಯುತ್ತದೆ. ಒಂದು ವರ್ಷ ಎರಡೂ ಖಾನೆ ಖಾಲಿ ಬಿದ್ದರೆ ರಸ್ತೆ ಬರುತ್ತದೆ, ಅದರ ಬೆನ್ನಿಗೇ ಹೋಟೆಲು. ಬಾವಲಿಗಳು ಜೋತುಬಿದ್ದ ಅತ್ತಿಮರಗಳು, ಮೊದಲ ಮಳೆಗೆ ಸಮುದ್ರದ ಕಡೆ ಇಳಿಯುವ ಕೆಂಪು ಏಡಿಗಳು, ಎಲ್ಲಕ್ಕೂ ಆ ಒಂದು ಹಕ್ಕಿಯೇ ಗತಿ.

ವರ್ಷಕ್ಕೊಮ್ಮೆ ಎಣಿಕೆ, ಕೆಲಸ ಹೀಗೆ. ಅಣ್ಣ ಆಚೆ ಗುಡ್ಡ, ನಾನು ಈಚೆ ಗುಡ್ಡ. ಬೆಳಿಗ್ಗೆ ಆರಕ್ಕೆ ಸರಿಯಾಗಿ ಇಬ್ಬರೂ ಅಂಗೈ ಬೊಗಸೆ ಮಾಡಿ, ಹೆಬ್ಬೆರಳ ಸಂದಿಯಲ್ಲಿ ಊದಿ, ಐದು ನಿಮಿಷ ಹಕ್ಕಿಯ ಹಾಗೆ ಕೂಗಬೇಕು. ಆಮೇಲೆ ಐದು ನಿಮಿಷ ಇಬ್ಬರೂ ತೆಪ್ಪಗೆ ಕೂತು ಉತ್ತರಕ್ಕೆ ಕಾಯಬೇಕು. ಹೀಗೆ ಮೂರು ಸಲ. ಆರು ವರ್ಷ, ನಾನು ಸುಮ್ಮನಾದ ಕೂಡಲೇ ಕಣಿವೆಯಾಚೆಯಿಂದ ‘ಊಂ... ಊಂ...’ ಬಂದಿದೆ. ಅಣ್ಣನಿಗೂ ಹಾಗೇ. ಇಬ್ಬರೂ ಕೆಳಗಿಳಿದು ಖುಷಿಯಿಂದ ಗುರುತು ಹಾಕಿದ್ದೇವೆ.

ಎರಡು ತಿಂಗಳ ಹಿಂದೆ ಅಣ್ಣ ದೋಣಿಕಟ್ಟೆಯಲ್ಲಿ ಎದೆ ಹಿಡಿದು ಕುಸಿದ, ಮತ್ತೆ ಏಳಲಿಲ್ಲ. ನನಗೆ ಅಳು ಬರಲಿಲ್ಲ. ಇನ್ನೂ ಬಂದಿಲ್ಲ. ಬಂದಾಗ ಬರಲಿ, ನಾನೇನು ಅದಕ್ಕೆ ಕಾದು ಕೂತಿಲ್ಲ.

ಆಸ್ಪತ್ರೆಯವರು ಕೊಟ್ಟಿದ್ದ ಚೀಲವನ್ನು ಕಳೆದ ವಾರ ನಾನೂ ಅತ್ತಿಗೆಯೂ ಬಿಚ್ಚಿದೆವು. ಟೋಪಿ, ಬೀಗದ ಕೈ, ಕೈಗಡಿಯಾರ. ಗಡಿಯಾರ ಇನ್ನೂ ಓಡುತ್ತಿತ್ತು, ನನ್ನದಕ್ಕಿಂತ ಐದು ನಿಮಿಷ ಹಿಂದೆ. ಸೆಲ್ ಮುಗಿಯುತ್ತಾ ಬಂದಿರಬೇಕು ಎಂದೆ.

“ಇಲ್ಲ ಕಣೇ, ಅದರ ಮುಳ್ಳು ತಿರುಗಿಸೋ ತಿರುಪು ಮುರಿದು ಆರು ವರ್ಷ ಆಯ್ತು. ಸರಿ ಮಾಡಿಸಿ ಅಂದ್ರೆ, ನಂದೇ ಸರಿ, ಊರಿಗೆಲ್ಲ ಐದು ನಿಮಿಷ ಆತುರ ಅಂತಿದ್ರು” ಎಂದಳು ಅತ್ತಿಗೆ.

ಎರಡೂ ಗಡಿಯಾರ ಪಕ್ಕಪಕ್ಕ ಇಟ್ಟು ನೋಡಿದೆ. ನಾನು ಕಾಯುತ್ತಿದ್ದಾಗ ಅವನು ಕೂಗಿದ್ದಾನೆ. ಅವನು ಕಾಯುತ್ತಿದ್ದಾಗ ನಾನು. ಅಪ್ಪ ಕಲಿಸಿದ ಕೂಗು, ಇಬ್ಬರದೂ ಒಂದೇ. ಹಕ್ಕಿ ಯಾವತ್ತು ಹೋಯಿತೋ ದೇವರೇ ಬಲ್ಲ, ಆರು ವರ್ಷ ನಾನು ಕೇಳಿಸಿಕೊಂಡದ್ದು ನನ್ನ ಅಣ್ಣನನ್ನು. ಗಡಿಯಾರ ನನಗಿರಲಿ ಎಂದಷ್ಟೇ ಅತ್ತಿಗೆಗೆ ಹೇಳಿ ತಂದೆ.

ಇವತ್ತು ಎಣಿಕೆ. ಅಣ್ಣನ ಗುಡ್ಡಕ್ಕೆ ಹೊಸ ಕಾವಲುಗಾರ, ಗಡಿಯಾರ ಸರಿಯಿರುವವನು. ಇಬ್ಬರೂ ಒಟ್ಟಿಗೆ ಕೂಗಿದೆವು, ಒಟ್ಟಿಗೆ ಸುಮ್ಮನಾದೆವು. ಎಲೆಯಿಂದ ನೀರು ತೊಟ್ಟಿಕ್ಕುವುದು ಕೇಳಿಸಿತು, ಒಂದೆರಡು ಕಪ್ಪೆ ಕೇಳಿಸಿದವು. ಮೂರನೇ ಸಲವೂ ಅಷ್ಟೇ. ಹೊಸಬ ಗುಡ್ಡ ಇಳಿದು ಹೋದ ಮೇಲೆ, ನಿಯಮ ಹಾಳಾಗಿ ಹೋಗಲಿ ಎಂದು ಅಣ್ಣನ ಗಡಿಯಾರ ನೋಡುತ್ತಾ ಇನ್ನೂ ಐದು ನಿಮಿಷ ಒಬ್ಬಳೇ ಕೂಗಿದೆ. ತುಟಿ ಮರಗಟ್ಟಿತು.

ಕೆಳಗೆ ಇಲಾಖೆಯ ಸಾಹೇಬರು ಜೀಪಿನ ಬಾನೆಟ್ಟಿನ ಮೇಲೆ ಹಾಳೆ ಇಟ್ಟುಕೊಂಡು ನಿಂತಿದ್ದರು. ಹೊಸಬ ಆಗಲೇ ಇಲ್ಲವೆಂದು ತಲೆಯಾಡಿಸಿಯಾಗಿತ್ತು.

“ಏನಮ್ಮಾ, ನೀನು ಕೇಳಿದ್ಯಾ?”

“ಕೇಳಿದೆ ಸಾರ್.”

ಅವರು ಗುರುತು ಹಾಕಿದರು. ಸುಳ್ಳೇನಲ್ಲ. ಬೆಳಗಿನಿಂದ ಕೇಳಿದ್ದೇ ಕೇಳಿದ್ದು. ಆಚೆ ಗುಡ್ಡದಿಂದ ಅಣ್ಣ ಉತ್ತರ ಕೊಡಲಿಲ್ಲ.