ಪಾಕೀಟಿನ ಹಿಂಬದಿ ಓದಿದ ಅಂಕಿತಾ

೨೦೨೪ರ ಜುಲೈ ೧೪, ಭಾನುವಾರ. ಬೆಳಿಗ್ಗೆ ೮ ಗಂಟೆ ೪೦ ನಿಮಿಷ. ದುಂಡಸಿಯ ಮಂಜವ್ವನ ಮನೆಯಲ್ಲಿ ಮೂರು ವರ್ಷದ ಕಿರಿಮಗಳು ಮಾದೇವಿಗೆ ಹಿಂದಿನ ದಿನದಿಂದ ಭೇದಿ. ಕಣ್ಣು ಒಳಗೆ ಹೋಗಿದ್ದವು. ಆಶಾ ಕಾರ್ಯಕರ್ತೆ ಕೊಟ್ಟುಹೋದ ಓಆರ್‌ಎಸ್ ಪಾಕೀಟನ್ನು ಹರಿದು ಮಂಜವ್ವ ಒಂದು ಲೋಟ ನೀರಿಗೆ ಸುರಿಯಲು ಹೊರಟಳು. ಹೋದ ವರ್ಷ ಅಂಗಡಿಯಿಂದ ತಂದ ಸಣ್ಣ ಪಾಕೀಟಿಗೆ ಒಂದೇ ಲೋಟ ಹಿಡಿದಿತ್ತು.

ಎಂಟನೇ ತರಗತಿಯ ಹಿರಿಮಗಳು ಅಂಕಿತಾ ಕೈ ಅಡ್ಡ ಹಿಡಿದಳು. "ತಡೀಬೇ ಯವ್ವಾ, ಹಿಂದ ಏನ್ ಬರದಾರ ನೋಡೂಣು."

"ಕೂಸು ಒಣಗಾಕತ್ತೇತಿ, ನಿಂದೊಂದು ಪುರಾಣ! ಬಾಯಿಪಾಠ ಮಾಡು ಅಂದ್ರ ಸಾಲಿಗೊಂದು ಪ್ರಶ್ನೆ ಹಾಕ್ಕೋಂತ ಕುಂದ್ರತಿ. ಆ ನೀಲಾಂಬಿಕಾ ಟೀಚರ್ ನಿನ್ನ ಕೆಡಿಸ್ಯಾರ."

ಈ ಸಿಟ್ಟು ಇಂದಿನದಲ್ಲ. ಮೊದಲು ಮಗಳ ಬಾಯಿಪಾಠ ಓಣಿಗೆಲ್ಲ ಕೇಳುತ್ತಿತ್ತು, ಮಂಜವ್ವನಿಗೂ ಹೆಮ್ಮೆ. ಈಗ ವಿಜ್ಞಾನವಿರಲಿ, ಸಮಾಜವಿರಲಿ, ಒಂದು ಪ್ಯಾರಾ ಓದಿ ಪುಸ್ತಕ ಮುಚ್ಚಿ ಸುಮ್ಮನೆ ಯೋಚಿಸುತ್ತಾಳೆ.

"ಇಡೀ ಪಾಕೀಟಿಗೆ ಒಂದು ಲೀಟರ್ ನೀರು ಅಂತ ಐತಿ. ಲೋಟದಾಗ ಹಾಕಿದ್ರ ಉಪ್ಪು ನಾಕೈದು ಪಟ್ಟು ಆಕ್ಕೈತಿ. ಕೂಸಿಗೆ ಇನ್ನಷ್ಟು ತ್ರಾಸು!"

ಮಂಜವ್ವನ ಕೈ ನಿಂತಿತು. ಎದುರುಮನೆಯ ನೀಲಾಂಬಿಕಾ ಟೀಚರನ್ನೇ ಕೂಗಿದಳು. "ಟೀಚರ್, ಈಕಿ ಹೇಳೂದು ಖರೇ ಏನ್ರಿ?"

ಟೀಚರ್ ಬಂದು ಪಾಕೀಟು ನೋಡಿದರು. "ಖರೇ ಐತ್ರಿ. ಕಾಸಿ ಆರಿಸಿದ ನೀರು ಲೀಟರಿನ ಬಾಟ್ಲಿಲೆ ಅಳದು ಕಲಸ್ರಿ, ಸ್ವಲ್ಪ ಸ್ವಲ್ಪ ಕುಡಸ್ರಿ. ಕಡಿಮಿ ಆಗಲಿಲ್ಲಂದ್ರ ದವಾಖಾನಿಗೆ ನಡೀರಿ, ತಡಾ ಮಾಡಬ್ಯಾಡ್ರಿ."

"ಇದನ್ನೂ ಸಾಲ್ಯಾಗ ಬಾಯಿಪಾಠ ಮಾಡಿಸಿದ್ರೇನ್ರಿ?"

"ಇಲ್ರಿ. ಏನು ಹೇಳ್ಯಾರ, ಎಷ್ಟು, ಯಾಕ, ಅಂತ ಕೇಳ್ಕೊಂಡು ಓದಾಕ ಕಲಿಸೇವಿ. ಗಣಿತದ ಲೆಕ್ಕ, ಸಮಾಜದ ನಕಾಶೆ, ವಿಜ್ಞಾನದ ಚಿತ್ರ, ಎಲ್ಲಾಕೂ ಅದ ರೀತಿ."

"ಹಂಗಾರ ನಾ ಇಷ್ಟು ದಿನಾ ನಿಮ್ಮನ್ನ ಬೈದಿದ್ದು?"

"ಓಣಿಗೆಲ್ಲಾ ಕೇಳಿತ್ರಿ ಅದೂ!" ಟೀಚರ್ ನಕ್ಕರು.

ಮಂಜವ್ವ ಹಾಗೆಯೇ ಅಳೆದು ಕಲಸಿ, ಗುಟುಕು ಗುಟುಕಾಗಿ ಕುಡಿಸಿದಳು. ಮಧ್ಯಾಹ್ನದ ಹೊತ್ತಿಗೆ ಭೇದಿ ಕಡಿಮೆಯಾಯಿತು. ಮಾದೇವಿ ಎದ್ದು ಕೂತು ರೊಟ್ಟಿ ಬೇಡಿದಳು. ಮಂಜವ್ವನಿಗೆ ಹೋದ ಜೀವ ಬಂದಂತಾಯಿತು. ಅಂಕಿತಾಳ ತಲೆ ನೇವರಿಸಿ, "ಇನ್ನಮ್ಯಾಲೆ ನನಗೂ ತಿಳಿಸಿ ಹೇಳವಾ" ಎಂದಳು.

ತಾಯಂದಿರೇ, ತಂದೆಯರೇ, ನಿಮಗೆ ಓದು ಬಾರದಿದ್ದರೂ ಈ ಕೆಲಸ ನಿಮ್ಮಿಂದ ಆಗುತ್ತದೆ. ಯಾವ ವಿಷಯವೇ ಇರಲಿ, ಮಗು ಒಂದು ಪ್ಯಾರಾ ಓದಲಿ, ಪುಸ್ತಕ ಮುಚ್ಚಲಿ, ತನ್ನ ಮಾತಿನಲ್ಲಿ ನಿಮಗೆ ಹೇಳಲಿ. ಅರ್ಥವಾಗದಿದ್ದರೆ "ಯಾಕ?" ಎಂದು ಕೇಳಿ. ಹೊತ್ತಿಲ್ಲ ಎನ್ನಬೇಡಿ. ಮಂಜವ್ವ ಅಂದು ಸಂಜೆಯೇ ಮಗಳ ಎದುರು ಕೂತಳು. ಒಂದು ಪುಟಕ್ಕೆ ಹಿಡಿದದ್ದು ಹನ್ನೊಂದು ನಿಮಿಷ.