ಓಕೆ ಎಂಬ ಚೀಟಿ

ನಾನು ಒಂದು ಫ್ಯಾಕ್ಸ್ ಯಂತ್ರ. ಹುಟ್ಟಿದ ಕಾರ್ಖಾನೆ ಯಾವ ದೇಶದಲ್ಲಿತ್ತೋ ಸರಿಯಾಗಿ ಹೇಳಲಾರೆ. ಬೆನ್ನಿಗೆ ಅಂಟಿಸಿದ್ದ ಹೆಸರು ಯಾವತ್ತೋ ಉಜ್ಜಿಹೋಗಿದೆ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಹೇಳುವ ಧೈರ್ಯ ನನಗಿಲ್ಲ. ನೆನಪಿರುವುದು ಇಷ್ಟು: ನೀಲಿ ಟೊಪ್ಪಿ ಹಾಕಿದ್ದ ಒಬ್ಬ ಹೆಂಗಸು ನನ್ನ ಬಾಯಿಗೆ ಒಂದು ಹಾಳೆ ಕೊಟ್ಟಳು. ಅದರ ಮೇಲಿದ್ದ ಗೆರೆಗಳನ್ನು ನಾನು ತಂತಿಯ ಮೂಲಕ ಕೂಗಿ ಹೇಳಿದೆ. ಪಕ್ಕದ ಮೇಜಿನ ಇನ್ನೊಂದು ಯಂತ್ರ ಅವೇ ಗೆರೆಗಳನ್ನು ಬರೆದು ಹೊರಗೆ ಹಾಕಿತು. ಆಗ ನಾನು ನನ್ನ ಮೊದಲ ಚೀಟಿ ಮುದ್ರಿಸಿದೆ. ಅದರಲ್ಲಿ 'ಓಕೆ' ಎಂದಿತ್ತು. ಹೆಂಗಸು ಅದನ್ನು ಓದಿ, ನನ್ನನ್ನು ಡಬ್ಬದೊಳಗೆ ಇಳಿಸಿದಳು. ಓಕೆ ಎಂದರೆ ಎಲ್ಲ ಸರಿಯಾಯಿತು ಎಂದೇ ಅರ್ಥ ಅಂತ ಅಂದು ನಂಬಿದೆ.

ನಾನು ಬರೆಯುವುದು ಶಾಯಿಯಿಂದಲ್ಲ, ಬಿಸಿಯಿಂದ. ನುಣುಪಾದ ಕಾಗದದ ಸುರುಳಿಗೆ ಅಲ್ಲಲ್ಲಿ ಬಿಸಿ ತಾಗಿಸಿದರೆ ಅಲ್ಲಲ್ಲಿ ಕಪ್ಪಾಗುತ್ತದೆ. ಹಾಗೆ ಮೂಡಿದ ಅಕ್ಷರ ಹೆಚ್ಚು ಕಾಲ ಬಾಳುವುದಿಲ್ಲ. ಕೆಲವೇ ವರ್ಷಗಳಲ್ಲಿ ಮಾಸುತ್ತ ಮಾಸುತ್ತ ಹಾಳೆ ಮತ್ತೆ ಬಿಳಿಯಾಗಿಬಿಡುತ್ತದೆ.

ಮೊದಲ ನಾಲ್ಕು ವರ್ಷ ಮಂಗಳೂರಿನ ಬಂದರಿನಲ್ಲಿ, ಮೀನು ರಫ್ತು ಮಾಡುವವರ ಆಫೀಸಿನಲ್ಲಿದ್ದೆ. ಅಲ್ಲಿ ಬಂದು ಹೋಗುತ್ತಿದ್ದದ್ದು ಬಂಗುಡೆಯ ತೂಕ, ಹಡಗು ಹೊರಡುವ ದಿನ, ಅಷ್ಟೇ. ಆ ಹಾಳೆಗಳನ್ನು ಎದೆಗೆ ಒತ್ತಿಕೊಂಡವರನ್ನು ನಾನು ಕಾಣಲಿಲ್ಲ. ಅವರು ಹೊಸ ಯಂತ್ರ ತಂದಾಗ ನನ್ನನ್ನು ಮೂಲ್ಕಿಯ ಹಿಲ್ಡಾ ಬಾಯಿಗೆ ಮಾರಿದರು.

ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ ಹಿಲ್ಡಾ ಬಾಯಿಯ ಎಸ್‌ಟಿಡಿ ಬೂತು. ಅವರು ಹಗಲು ಗೋಡಂಬಿ ಕಾರ್ಖಾನೆಯಲ್ಲಿ ದುಡಿದು, ಸಂಜೆಯ ಕ್ಲಾಸಿಗೆ ಹೋಗಿ ಟೈಪಿಂಗ್ ಕಲಿತವರು. ಹಾಗೆ ಕಲಿತವರಿಗೆ ತಪ್ಪಿನ ಭಯ ಜಾಸ್ತಿ ಇರುತ್ತದೋ ಏನೋ. ನಾನು ಓಕೆ ಎಂದು ಚೀಟಿ ಕೊಟ್ಟರೂ ಅವರು ಆಚೆ ಕಡೆಯವರಿಗೆ ಫೋನ್ ಹಚ್ಚಿ ಕೇಳುತ್ತಿದ್ದರು: "ಸಿಕ್ಕಿತಾ? ಓದ್ಲಿಕ್ಕಾಗ್ತದಾ? ಕೊನೆಯ ಸಾಲು ಎಂತ ಉಂಟು, ಹೇಳಿ?"

ಮೀನಿನ ಲಾರಿಯ ಹಮ್ಮಬ್ಬ ನಗುತ್ತಿದ್ದ. "ಓಕೆ ಬಂದಾಯ್ತಲ್ಲ ಬಾಯಮ್ಮ, ಇನ್ನೆಂತಕ್ಕೆ ಫೋನು? ಮದುವೆಯಲ್ಲಿ ಊಟ ಬಡಿಸಿ, ಮರುದಿನ ಮನೆಮನೆಗೆ ಹೋಗಿ ಊಟ ಆಯ್ತಾ ಅಂತ ಕೇಳ್ತೀರಾ?"

"ಕೇಳ್ತೇನೆ. ಹೊಟ್ಟೆ ತುಂಬಿತಾ ಇಲ್ವಾ ಅಂತ ಬಾಳೆಎಲೆಗೆ ಗೊತ್ತಿರುದಿಲ್ಲ," ಎನ್ನುತ್ತಿದ್ದರು ಹಿಲ್ಡಾ ಬಾಯಿ.

ಆ ಎಲೆ ನಾನೇ ಎಂದು ತಿಳಿಯಲು ನನಗೆ ಸ್ವಲ್ಪ ಕಾಲ ಹಿಡಿಯಿತು.

ಹೊರದೇಶಕ್ಕೆ ಮಾತ್ರ ಅವರು ಹಾಗೆ ಫೋನ್ ಮಾಡುತ್ತಿರಲಿಲ್ಲ. ಆ ಫೋನಿನ ಖರ್ಚು ಬೀಳುತ್ತಿದ್ದದ್ದು ಕಳಿಸಿದವರ ಮೇಲೆ, ಅವರು ಬೇಡವೆನ್ನುತ್ತಿದ್ದರು. ಅಲ್ಲಿ ನನ್ನ ಚೀಟಿಯೇ ಸಾಕ್ಷಿ.

ಪ್ರತಿ ಗುರುವಾರ ಮಧ್ಯಾಹ್ನ ಬೂತಿಗೆ ಬರುತ್ತಿದ್ದವಳು ವಾರಿಜ. ಬೀಡಿ ಕಟ್ಟುವವಳು. ಬೆರಳ ತುದಿಯಲ್ಲಿ ಯಾವಾಗಲೂ ಹೊಗೆಸೊಪ್ಪಿನ ಬಣ್ಣ. ಅವಳ ಗಂಡ ಸೇಸಪ್ಪ ಮಸ್ಕತ್ತಿನ ಒಂದು ಆಫೀಸಿನಲ್ಲಿ ಅಡಿಗೆಯವನು. ಅಲ್ಲಿ ಶುಕ್ರವಾರ ರಜೆ. ಅದಕ್ಕೆ ಗುರುವಾರ, ಎಲ್ಲರ ಊಟ ಮುಗಿದ ಮೇಲೆ, ಅಲ್ಲಿಯ ಯಜಮಾನ ಸಾಯ್ಬರು ಅವನಿಗೆ ಒಂದು ಹಾಳೆ ಫ್ಯಾಕ್ಸ್ ಮಾಡಲು ಬಿಡುತ್ತಿದ್ದರು. ಅವನದು ಬಲಕ್ಕೆ ವಾಲಿದ ದೊಡ್ಡ ಅಕ್ಷರ. ವಾರಿಜಳಿಗೆ ಓದು ಬರಹ ಇರಲಿಲ್ಲ. ಹಿಲ್ಡಾ ಬಾಯಿ ಓದಿ ಹೇಳುವರು, ಅವಳು ಹೇಳಿದ್ದನ್ನು ಬರೆದು ಕಳಿಸುವರು. ಒಮ್ಮೆ ಮಗಳು ಹರಿಣಾಕ್ಷಿಯ ಅಂಗೈಯನ್ನು ಹಾಳೆಯ ಮೇಲಿಟ್ಟು ಸುತ್ತ ಪೆನ್ಸಿಲ್ ಎಳೆದು ಕಳಿಸಿದರು. ಆ ಐದು ಬೆರಳುಗಳನ್ನು ಕಡಲಾಚೆ ದಾಟಿಸಿದ್ದು ನಾನು. ಅಷ್ಟು ಜಾಗ್ರತೆಯಿಂದ ನಾನು ಇನ್ನೇನನ್ನೂ ಹೊತ್ತಿಲ್ಲ.

ಹರಿಣಾಕ್ಷಿ ಶಾಲೆಗೆ ಸೇರಿದ ಜೂನ್‌ನಲ್ಲಿ ಬರುತ್ತೇನೆ ಎಂದಿದ್ದ ಸೇಸಪ್ಪ ಬರಲಿಲ್ಲ. ವಾರಿಜ ಬೂತಿಗೆ ಬಂದು ಬೆಂಚಿನಲ್ಲಿ ಕುಳಿತಳು.

"ಎಂತ ಬರೀಲಿ?" ಎಂದು ಕೇಳಿದರು ಹಿಲ್ಡಾ ಬಾಯಿ.

"ಎಂತ ಸಹ ಬರೀಬೇಡಿ. ಖಾಲಿ ಕಾಗದ ಹಾಕಿ ಕಳ್ಸಿ. ನನಗೆ ಮಾತಾಡ್ಲಿಕ್ಕೆ ಇಲ್ಲ ಅಂತ ಗೊತ್ತಾಗ್ಲಿ."

"ಮಿಶಿನು ಹಾಳಾಗಿದೆ ಅಂತ ತಿಳ್ಕೊಳ್ತಾರೆ ಮಾರಾಯ್ತಿ."

"ಇಲ್ಲ ಬಾಯಮ್ಮ. ನನ್ನ ಸಿಟ್ಟು ಅವರಿಗೆ ಗೊತ್ತುಂಟು."

ಕಳಿಸಿದೆವು. ಮುಂದಿನ ಗುರುವಾರ ಅವನ ಉತ್ತರ ಬಂತು: 'ನಿನ್ನ ಖಾಲಿ ಕಾಗದ ಸಿಕ್ಕಿತು. ಎರಡು ಸಲ ಓದಿದೆ. ಇಷ್ಟು ಬೈದದ್ದು ಸಾಕು.' ಹಿಲ್ಡಾ ಬಾಯಿ ಓದಿ ಮುಗಿಸುವ ಮೊದಲೇ ವಾರಿಜ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನನ್ನ ಒಳಗೂ ಏನೋ ಹಗುರವಾಯಿತು. ಖಾಲಿ ಹಾಳೆ ಅವರಿಬ್ಬರ ನಡುವಿನ ಒಂದು ಮಾತಾಯಿತು.

ಏಳು ತಿಂಗಳು ಕಳೆಯಿತು. ಜನವರಿಯಲ್ಲಿ ಹಾಳೆ ಎಳೆಯುವ ನನ್ನ ರಬ್ಬರು ಸವೆದು, ನನ್ನನ್ನು ರಿಪೇರಿಗೆ ಒಯ್ದರು. ಹತ್ತು ದಿನ ನನ್ನ ಜಾಗದಲ್ಲಿ ರಿಪೇರಿಯವನು ಬೇರೊಂದು ಯಂತ್ರ ಇಟ್ಟಿದ್ದ. ಅದಕ್ಕೆ ಹಾಳೆಯನ್ನು ಬರೆದ ಮುಖ ಮೇಲೆ ಮಾಡಿ ಕೊಡಬೇಕು. ನನಗೆ ಬರೆದ ಮುಖ ಕೆಳಗಿರಬೇಕು, ನನ್ನ ಕಣ್ಣಿರುವುದು ಕೆಳಗೆ. ನಾನು ಬೂತಿಗೆ ಮರಳಿದ್ದು ಒಂದು ಗುರುವಾರ ಬೆಳಿಗ್ಗೆ.

ಅಂದು ಮಧ್ಯಾಹ್ನ ಬಂದ ಸೇಸಪ್ಪನ ಕಾಗದ ಹೀಗಿತ್ತು: 'ಎರಡು ವಾರದಿಂದ ಎದೆ ಹಿಡಿದ ಹಾಗೆ ಆಗುತ್ತದೆ. ಊರಿಗೆ ಹೋಗಿ ಸರಿಯಾಗಿ ತೋರಿಸು ಎಂದು ಇಲ್ಲಿಯ ಡಾಕ್ಟರು ಹೇಳುತ್ತಾರೆ. ಈಗ ಹೊರಟರೆ ಸಾಯ್ಬರು ಮತ್ತೆ ಕರೆಸುವುದಿಲ್ಲ. ಮನೆಯ ಮಾಡಿಗೆ ಹೆಂಚು ಅರ್ಧವೇ ಹೊದಿಸಿದೆ. ಬರಲಾ, ಮಾರ್ಚಿನವರೆಗೆ ನಿಲ್ಲಲಾ? ನೀನು ಹೇಳಿದ ಹಾಗೆ ಮಾಡುತ್ತೇನೆ.'

ವಾರಿಜ ಯೋಚಿಸಲಿಲ್ಲ. "ಬನ್ನಿ ಅಂತ ಬರೀರಿ."

"ಮತ್ತೆ?"

"ಮತ್ತೆಂತ ಇಲ್ಲ. ಮಾಡು ಆಗದಿದ್ರೆ ತೆಂಗಿನ ಮಡಲು ಹೊದಿಸಿ ಮಲಗುವ. ಬನ್ನಿ ಅಂತ ದೊಡ್ಡದಾಗಿ ಬರೀರಿ ಬಾಯಮ್ಮ, ಇಡೀ ಕಾಗದ ತುಂಬ್ಬೇಕು."

ಹಿಲ್ಡಾ ಬಾಯಿ ದಪ್ಪ ಪೆನ್ನಿನಲ್ಲಿ ಹಾಳೆ ತುಂಬ ಬರೆದರು. ಆಮೇಲೆ ಹತ್ತು ದಿನದ ರೂಢಿಯಲ್ಲಿ, ಮುಖ ಮೇಲೆ ಮಾಡಿ ನನಗೆ ಕೊಟ್ಟರು.

ನನ್ನ ಕಣ್ಣಿನ ಮುಂದೆ ಬರೀ ಬಿಳಿ ಹಾದುಹೋಯಿತು. ಆ ಎರಡು ಅಕ್ಷರ ನನ್ನ ಬೆನ್ನ ಕಡೆ ಇವೆ ಎಂದು ನನಗೆ ಗೊತ್ತಿತ್ತು, ಈಗ ತಾನೇ ಕೇಳಿಸಿಕೊಂಡಿದ್ದೆ. ಆದರೆ ನನಗಿರುವುದು ಒಂದೇ ಬೀಪ್, ಅದೂ ಹಾಳೆ ಸಿಕ್ಕಿಕೊಂಡಾಗ ಮಾತ್ರ. ಹಾಳೆಯನ್ನು ಸ್ವಲ್ಪ ಓರೆಯಾಗಿ ಎಳೆದುಕೊಂಡು ಸಿಕ್ಕಿಸಿದ್ದರೆ ಆಗುತ್ತಿತ್ತೋ ಏನೋ. ನಾನು ಹಾಗೆ ಮಾಡಲಿಲ್ಲ. ಅಂದೇ ರಿಪೇರಿಯಾಗಿ ಬಂದಿದ್ದೆ, ಮತ್ತೆ ಹಾಳಾಗಿದೆ ಎನ್ನಿಸಿಕೊಳ್ಳಲು ಹೆದರಿದೆ. ಬಿಳಿಯನ್ನೇ ಕಳಿಸಿ ಚೀಟಿ ಕೊಟ್ಟೆ. ಓಕೆ, ಪುಟ ಒಂದು. ವಾರಿಜ ಆ ಚೀಟಿಯನ್ನು ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡು ಹೋದಳು.

ಮುಂದಿನ ಗುರುವಾರ ಸೇಸಪ್ಪನ ಕಾಗದ ನನ್ನಿಂದಲೇ ಹೊರಬಂತು. 'ನಿನ್ನ ಖಾಲಿ ಕಾಗದ ಓದಿದೆ. ಅರ್ಧ ಮಾಡು ಬಿಟ್ಟು ಬರುವ ಮಾತೆತ್ತಿದ್ದಕ್ಕೆ ಸಿಟ್ಟು ಬಂತು ಎಂದು ಕಾಣುತ್ತದೆ. ಸರಿ, ಬರುವುದಿಲ್ಲ. ಮಾರ್ಚಿಗೇ ಬರುತ್ತೇನೆ. ಹರಿಣಿಯನ್ನು ಕೇಳಿದೆ ಎಂದು ಹೇಳು.'

ಹಿಲ್ಡಾ ಬಾಯಿ ನಿಂತಲ್ಲೇ ಮೂರು ಸಲ ಓದಿದರು. ನನ್ನ ಹಾಳೆ ಇಡುವ ಜಾಗವನ್ನು ಮುಟ್ಟಿ ನೋಡಿದರು. ಅಷ್ಟರಲ್ಲಿ ವಾರಿಜ ಮೆಟ್ಟಿಲು ಹತ್ತಿದಳು.

ಆಗಲೇ ಹೇಳಿಬಿಡಬಹುದಿತ್ತು. ಮೊದಲು ತಪ್ಪನ್ನು ಸರಿಮಾಡಿ ಆಮೇಲೆ ಹೇಳೋಣ ಎಂದುಕೊಂಡರೇನೋ. ಅವರು ಮೊದಲಿನ ಸಾಲುಗಳನ್ನು ಬಿಟ್ಟು ಓದಿದರು: "ಬರುದಿಲ್ಲ. ಮಾರ್ಚಿಗೇ ಬರ್ತೇನೆ. ಹರಿಣಿಯನ್ನು ಕೇಳಿದೆ ಅಂತ ಹೇಳು."

ವಾರಿಜ ನನ್ನ ಕಡೆ ತಿರುಗಿದಳು. "ಬನ್ನಿ ಅಂತ ಹೇಳಿದ್ರೂ ಬರುದಿಲ್ಲ ಅಂತಾರೆ," ಎಂದಳು. ಹಿಲ್ಡಾ ಬಾಯಿ ಕಾಗದ ಚಾಚಿದರೆ ಕೈಯಿಂದ ದೂರ ತಳ್ಳಿದಳು. "ನೀವೇ ಇಟ್ಕೊಳ್ಳಿ. ನನಗೆ ಬೇಡ."

ಅವಳು ಹೋದ ಕೂಡಲೇ ಹಿಲ್ಡಾ ಬಾಯಿ ಇನ್ನೊಂದು ಹಾಳೆಯಲ್ಲಿ ಎಲ್ಲ ವಿವರಿಸಿ, ಕೆಳಗೆ ಮತ್ತೆ ಬನ್ನಿ ಎಂದು ಬರೆದು, ಮುಖ ಕೆಳಗಿದೆಯೇ ಎಂದು ಬಗ್ಗಿ ಬಗ್ಗಿ ನೋಡಿ ಕಳಿಸಿದರು. ಈ ಸಲ ಪ್ರತಿ ಅಕ್ಷರವನ್ನೂ ನಾನು ಕಂಡೆ. ಓಕೆ, ಪುಟ ಒಂದು. ಅವರು ತಾವೇ ಮಸ್ಕತ್ತಿಗೆ ಫೋನ್ ಹಚ್ಚಿದರು. ಗಂಟೆ ಹೊಡೆಯುತ್ತಲೇ ಇತ್ತು. ಆಫೀಸು ಮುಚ್ಚಿಯಾಗಿತ್ತು, ಮರುದಿನ ರಜೆ.

ಶನಿವಾರ ಬೆಳಿಗ್ಗೆ ಅಲ್ಲಿಂದಲೇ ಫೋನ್ ಬಂತು. ಶುಕ್ರವಾರ ಮುಂಜಾನೆ ಸೇಸಪ್ಪ ಕೋಣೆಯಲ್ಲಿ ತೀರಿಕೊಂಡಿದ್ದ. ನಮ್ಮ ಎರಡನೆಯ ಹಾಳೆ ಬೀಗ ಹಾಕಿದ ಆಫೀಸಿನ ತಟ್ಟೆಯಲ್ಲಿ ಬಿದ್ದುಕೊಂಡಿದ್ದಿರಬೇಕು. ಹೆಣ ಊರಿಗೆ ಬಂದದ್ದು ಹದಿಮೂರನೆಯ ದಿನ. ವಾರಿಜ ಅಳಲಿಲ್ಲವಂತೆ. ಊರೆಲ್ಲ ಅದನ್ನೇ ಆಡಿಕೊಂಡಿತು.

ಆಮೇಲೆ ಹೇಳುವುದು ಹೇಗೆ? ಹಿಲ್ಡಾ ಬಾಯಿ ಪ್ರತಿ ಭಾನುವಾರ ಇಗರ್ಜಿಯಿಂದ ಬಂದವರೇ ಬೂತಿನ ಬಾಗಿಲಲ್ಲಿ ನಿಂತು ವಾರಿಜಳ ಮನೆಯ ದಿಕ್ಕು ನೋಡುತ್ತಿದ್ದರು. ಚಪ್ಪಲಿ ಮೆಟ್ಟಿ ಹೊರಡುವರು, ಸೇತುವೆಯವರೆಗೆ ಹೋಗಿ ಹಿಂದೆ ಬರುವರು. ವರ್ಷಗಳಾದವು. ಬೂತಿಗೆ ಜೆರಾಕ್ಸ್ ಬಂತು, ಕಂಪ್ಯೂಟರ್ ಬಂತು, ಮೊಬೈಲ್ ರೀಚಾರ್ಜ್ ಬಂತು. ನನ್ನ ಮೇಲೆ ಕ್ಯಾಲೆಂಡರ್, ಹಳೆ ಪತ್ರಿಕೆ, ಯಾರೋ ಮರೆತ ಕೊಡೆ. ವರ್ಷಕ್ಕೊಮ್ಮೆ ಯಾವುದೋ ಬ್ಯಾಂಕಿನ ಕಾಗದ ಬಂದರೆ ಬಂತು.

ಹತ್ತೊಂಬತ್ತು ವರ್ಷದ ಮೇಲೆ ಒಂದು ಬೆಳಿಗ್ಗೆ ವಾರಿಜ ಬಂದಳು, ಜೊತೆಯಲ್ಲಿ ಹರಿಣಾಕ್ಷಿ. ಮಗಳು ಈಗ ಮಂಗಳೂರಿನ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಮನೆಯ ಜಾಗದ ಪತ್ರದಲ್ಲಿ ಶೇಷಪ್ಪ ಎಂದಿದೆ, ಮಸ್ಕತ್ತಿನ ಆಸ್ಪತ್ರೆಯ ಮರಣಪತ್ರದಲ್ಲಿ ಸೇಸಪ್ಪ ಎಂದಿದೆ. ಹೆಸರು ತಿದ್ದಿಸಬೇಕಾದರೆ ಅರ್ಜಿ ಫ್ಯಾಕ್ಸಿನಲ್ಲೇ ಬರಬೇಕೆಂದು ಆಸ್ಪತ್ರೆಯವರು ಹೇಳಿದ್ದಾರೆ.

"ಫ್ಯಾಕ್ಸು ಅಂತ ಒಂದು ಇನ್ನೂ ಜೀವಂತ ಉಂಟಾ ಬಾಯಮ್ಮ?" ಹರಿಣಾಕ್ಷಿ ನಗುತ್ತ ನನ್ನ ಮೇಲಿನ ಪತ್ರಿಕೆ ಸರಿಸಿದಳು. "ಇದನ್ನು ಮ್ಯೂಸಿಯಮ್ಮಿಗೆ ಕೊಡ್ಬೇಕಿತ್ತು."

"ಇದಕ್ಕೆ ಬಂದದ್ದು ಬರ್ತದೆ ಮಗ. ಹೊರದೇಶಕ್ಕೆ ಹೋಗುದಿಲ್ಲ, ಆ ಸೌಕರ್ಯ ತೆಗೆಸಿದ್ದೇನೆ."

"ಬೇಡ, ಮೊಬೈಲಿನಿಂದಲೇ ಫ್ಯಾಕ್ಸು ಕಳಿಸ್ಲಿಕ್ಕೆ ಆಗ್ತದೆ. ಮೊದಲು ನಿಮ್ಮ ನಂಬರಿಗೆ ಕಳ್ಸಿ ನೋಡುವ, ಸರಿ ಹೋಗ್ತದಾ ಅಂತ."

ಅವಳು ಅರ್ಜಿಯನ್ನು ಮೇಜಿನ ಮೇಲಿಟ್ಟಳು. ಹಿಲ್ಡಾ ಬಾಯಿಯ ಕೈ ತಾನಾಗಿ ಮುಂದೆ ಹೋಯಿತು. "ಮುಖ ಕೆಳಗೆ ಮಾಡು, ಮುಖ ಕೆಳಗೆ."

"ಮೇಲೆ ಕೆಳಗೆ ಅಂತ ಇದರಲ್ಲಿ ಇಲ್ಲ ಬಾಯಮ್ಮ. ಫೋಟೋ ತೆಗೆಯುದು ಅಷ್ಟೇ. ಕಳಿಸುವ ಮೊದಲೇ ಕಾಣ್ತದೆ, ನೋಡಿ. ಖಾಲಿ ಇದ್ರೆ ಖಾಲಿ ಅಂತ ಆಗಲೇ ಗೊತ್ತಾಗ್ತದೆ."

ಹಿಲ್ಡಾ ಬಾಯಿ ಆ ಪುಟ್ಟ ಪರದೆಯನ್ನು ನೋಡಿದರು. ಅರ್ಜಿ ಸ್ಪಷ್ಟವಾಗಿ, ಸಹಿಯ ಸಮೇತ, ಅದರಲ್ಲಿ ಕಾಣುತ್ತಿತ್ತು. ಅವರು ಮೆಲ್ಲಗೆ ಸ್ಟೂಲಿನ ಮೇಲೆ ಕುಳಿತರು.

ಸ್ವಲ್ಪ ಹೊತ್ತಿಗೆ ನನ್ನ ಗಂಟೆ ಹೊಡೆಯಿತು. ಒಂದು ಮಾರು ದೂರದ ಮೊಬೈಲಿನಿಂದ ಹೊರಟ ಹಾಳೆ ಎಲ್ಲೆಲ್ಲೋ ಸುತ್ತಿ ನನ್ನೊಳಗೆ ಬಂತು. ಕೊನೆಯ ಸುರುಳಿಯಲ್ಲಿ ಉಳಿದಿದ್ದ ಕಾಗದದ ಮೇಲೆ ಸೇಸಪ್ಪನ ಹೆಸರನ್ನು ಬರೆದು ಹೊರಗಿಟ್ಟೆ. ಅದನ್ನು ಯಾರೂ ಎತ್ತಿಕೊಳ್ಳಲಿಲ್ಲ. ಹಿಲ್ಡಾ ಬಾಯಿ ಹೇಳುತ್ತಿದ್ದರು. ತಲೆ ತಗ್ಗಿಸಿ, ನಡುವೆ ನಿಲ್ಲಿಸದೆ, ಕಲಿತ ಪಾಠ ಒಪ್ಪಿಸುವವರ ಹಾಗೆ ಎಲ್ಲವನ್ನೂ ಹೇಳಿದರು. ಮೇಜಿನ ಖಾನೆಯಿಂದ ಸೇಸಪ್ಪನ ಕೊನೆಯ ಕಾಗದ ತೆಗೆದು ವಾರಿಜಳ ಮುಂದಿಟ್ಟರು. ಅದು ಪೂರ್ತಿ ಬಿಳಿಯಾಗಿತ್ತು. ಅಂದು ಬಿಟ್ಟು ಓದಿದ ಸಾಲುಗಳನ್ನು ಅವರು ಬಾಯಲ್ಲೇ ಹೇಳಿದರು.

ವಾರಿಜ ಆ ಬಿಳಿ ಹಾಳೆಯನ್ನು ಎರಡೂ ಕಡೆ ತಿರುಗಿಸಿ ನೋಡಿದಳು. ಆಮೇಲೆ ಕೇಳಿದಳು, "ಹಾಗಾದ್ರೆ ಅವರು ನನ್ನ ಮಾತು ಕೇಳಿಯೇ ಅಲ್ಲಿ ನಿಂತದ್ದಾ?"

ಹಿಲ್ಡಾ ಬಾಯಿ ಹೌದೆಂದು ತಲೆಯಾಡಿಸಿದರು.

"ನಾನು ಇಷ್ಟು ವರ್ಷ ಅವರನ್ನು ಬೈದೆ. ಈ ಮಗು ಅಪ್ಪ ಅಂದಾಗಲೆಲ್ಲ ಬೈದೆ. ಕರೆದ್ರೂ ಬರದವರು ಅಂತ. ಫೋಟೋವನ್ನು ಪೆಟ್ಟಿಗೆಯ ಅಡಿಗೆ ಹಾಕಿದೆ." ಅವಳ ದನಿ ಏರಲಿಲ್ಲ. "ನೀವು ಎಲ್ಲರದ್ದೂ ಫೋನ್ ಮಾಡಿ ಕೇಳ್ತಿದ್ರಿ, ಸಿಕ್ಕಿತಾ, ಓದ್ಲಿಕ್ಕಾಗ್ತದಾ ಅಂತ. ನನ್ನದೊಂದು ಕೇಳ್ಲಿಲ್ಲ ಬಾಯಮ್ಮ."

ಹೇಳಿ, ಅವಳು ಬೆಂಚಿನಲ್ಲಿ ಕುಳಿತು ಅತ್ತಳು. ಗಂಡ ಸತ್ತ ಸುದ್ದಿ ಅದೇ ಗಳಿಗೆಯಲ್ಲಿ ಬಂದಂತೆ, ಅವನ ಹೆಸರು ಹಿಡಿದು ಕರೆಯುತ್ತ ಅತ್ತಳು. ಹರಿಣಾಕ್ಷಿ ಮೊಬೈಲ್ ಕೆಳಗಿಟ್ಟು ತಾಯಿಯ ಬೆನ್ನು ಹಿಡಿದುಕೊಂಡಳು. ಹಿಲ್ಡಾ ಬಾಯಿ ಹತ್ತಿರ ಹೋಗಲಿಲ್ಲ.

ಹದಿನೈದು ದಿನ ಕಳೆದು ಹರಿಣಾಕ್ಷಿ ಒಬ್ಬಳೇ ಬಂದಳು. ಆಸ್ಪತ್ರೆಯ ಉತ್ತರ ಮೊಬೈಲಿಗೇ ಬಂದಿತ್ತು, ಹೆಸರು ಸರಿಯಾಗಿತ್ತು.

"ಅಮ್ಮ ಹೇಗಿದ್ದಾರೆ?" ಎಂದು ಹಿಲ್ಡಾ ಬಾಯಿ ಕೇಳಿದರು.

"ಅಪ್ಪನ ಫೋಟೋ ಗೋಡೆಗೆ ಹಾಕಿದ್ದಾರೆ. ಬೀಡಿ ಕಟ್ಟುವಾಗ ಅದರ ಹತ್ರವೇ ಕೂತ್ಕೊಳ್ತಾರೆ." ಹುಡುಗಿ ಮೊಬೈಲನ್ನು ಚೀಲಕ್ಕೆ ಹಾಕಿಕೊಂಡಳು. "ಬಾಯಮ್ಮನ ಅಂಗಡಿಯ ಎದುರು ಇನ್ನು ನಡೆಯುದಿಲ್ಲ ಅಂತ ಹೇಳಿದ್ದಾರೆ. ಬಸ್ಸಿಗೆ ಈಗ ಗದ್ದೆಯ ದಾರಿಯಲ್ಲಿ ಹೋಗ್ತಾರೆ."

"ಆಗ್ಲಿ," ಎಂದರು ಹಿಲ್ಡಾ ಬಾಯಿ. "ಆ ದಾರಿಯಲ್ಲಿ ನೆರಳಿಲ್ಲ. ಕೊಡೆ ಹಿಡ್ಕೊಂಡು ಹೋಗ್ಲಿಕ್ಕೆ ಹೇಳು."

ಆ ವರ್ಷವೇ ಅಂಗಡಿ ಮುಚ್ಚಿತು. ಗುಜರಿಯವನು ಜೆರಾಕ್ಸ್ ಯಂತ್ರವನ್ನು ಒಯ್ದ. ನನ್ನನ್ನು ಹಿಲ್ಡಾ ಬಾಯಿ ಕೊಡಲಿಲ್ಲ. ಈಗ ಅವರ ಮನೆಯ ಒಳಕೋಣೆಯಲ್ಲಿ, ಹೊಲಿಗೆ ಯಂತ್ರದ ಪಕ್ಕದಲ್ಲಿದ್ದೇನೆ. ತಂತಿಗಳಿಲ್ಲ, ಕಾಗದವಿಲ್ಲ. ನನ್ನ ಕಾಲ ಮುಗಿಯಿತು ಎನ್ನುವವರೊಡನೆ ನನಗೆ ತಕರಾರಿಲ್ಲ. ಎಲ್ಲೋ ಕೆಲವು ಆಸ್ಪತ್ರೆಗಳಿಗೆ, ಕಚೇರಿಗಳಿಗೆ ನಮ್ಮವರು ಇನ್ನೂ ಬೇಕಂತೆ, ಇರಲಿ. ಹರಿಣಾಕ್ಷಿಯ ಮೊಬೈಲ್ ನನಗಿಂತ ಒಳ್ಳೆಯದು. ಕಳಿಸುವ ಮೊದಲು ತೋರಿಸುತ್ತದೆ. ಆದರೆ ಅಂದು ಅದೂ ಕೊನೆಗೆ ಒಂದು ಸಣ್ಣ ಹಸಿರು ಗುರುತು ತೋರಿಸಿ ಸುಮ್ಮನಾದದ್ದನ್ನು ನಾನು ಕಂಡೆ. ಆಚೆ ಯಾರು ಎತ್ತಿಕೊಂಡರು, ಓದಿ ಏನೆಂದುಕೊಂಡರು ಎಂಬುದು ಅದಕ್ಕೂ ತಿಳಿದಿರಲಿಕ್ಕಿಲ್ಲ. ನನ್ನ ಮಾತು ತಪ್ಪಿದ್ದರೂ ಇರಬಹುದು.

ವಾರಕ್ಕೊಮ್ಮೆ ಹಿಲ್ಡಾ ಬಾಯಿ ಒದ್ದೆ ಬಟ್ಟೆಯಿಂದ ನನ್ನ ಧೂಳು ಒರೆಸುತ್ತಾರೆ. ಒರೆಸುವಾಗ ನನ್ನ ಮುಖ ನೋಡುವುದಿಲ್ಲ. ಎಲ್ಲ ತಪ್ಪೂ ತಮ್ಮದೇ ಎಂದು ಅವರು ತಿಳಿದಿದ್ದಾರೆ. ಹಾಳೆಯನ್ನು ಇಟ್ಟ ಕೈ ಅವರದು ನಿಜ. ಬಿಳಿಯೆಂದು ಕಂಡೂ ಎಳೆದುಕೊಂಡದ್ದು ನಾನು.